ರಾಮೇಶ್ವರ ದ್ವೀಪಕ್ಕೆ ಹೊರಡುವ ಕಲಬುರಗಿ, ಬೀದರ್, ಯಾದಗಿರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮೂರೂ ಜಿಲ್ಲೆಗಳಿಂದ ಪ್ರತಿವರ್ಷ ಅನೇಕ ಕುಟುಂಬಗಳು ರಾಮೇಶ್ವರಕ್ಕೆ ಹೋಗುತ್ತವೆ. ಆದರೆ ಹೆಚ್ಚಿನವರು ದಕ್ಷಿಣ ಭಾರತ ಪ್ರವಾಸದ ನಡುವೆ ಒಂದು ಮುಂಜಾನೆ ಅಲ್ಲಿಗಿಳಿದು, ತೀರ್ಥಸ್ನಾನ ಮತ್ತು ದರ್ಶನ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಕನ್ಯಾಕುಮಾರಿಯ ದಾರಿ ಹಿಡಿಯುತ್ತಾರೆ. ಹಾಗೆ ಹೋದವರಿಗೆ ದೇವಸ್ಥಾನ ಕಾಣುತ್ತದೆ, ದ್ವೀಪ ಕಾಣುವುದಿಲ್ಲ. ಕನಿಷ್ಠ ಎರಡು ರಾತ್ರಿ ಅಲ್ಲಿ ತಂಗಬೇಕೆಂಬುದು ಈ ಬರಹದ ಉದ್ದಕ್ಕೂ ಇರುವ ಒತ್ತಾಯ. ಊರಿನ ಜನ ಕೇಳುವ ಪ್ರಶ್ನೆಗಳಿಗೆ ಉತ್ತರಿಸುತ್ತ ಅದರ ಕಾರಣಗಳನ್ನೂ ಇಲ್ಲಿ ವಿವರಿಸಲಾಗಿದೆ.

ರಾಮೇಶ್ವರ ನಿಜವಾಗಿಯೂ ದ್ವೀಪವೇ? ಬಸ್ಸು, ರೈಲು ನೇರವಾಗಿ ಹೋಗುತ್ತವಲ್ಲ?

ಹೌದು, ಅದು ದ್ವೀಪವೇ. ಅದರ ಹೆಸರು ಪಾಂಬನ್ ದ್ವೀಪ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಗೆ ಸೇರಿದ ಈ ದ್ವೀಪದ ಒಂದು ಬದಿಗೆ ಪಾಕ್ ಕೊಲ್ಲಿಯೂ ಇನ್ನೊಂದು ಬದಿಗೆ ಮನ್ನಾರ್ ಕೊಲ್ಲಿಯೂ ಇವೆ. ಮುಖ್ಯಭೂಮಿಯಿಂದ ಅದನ್ನು ಬೇರ್ಪಡಿಸುವ ಸಮುದ್ರದ ಮೇಲೆ ರೈಲಿಗೊಂದು, ವಾಹನಗಳಿಗೊಂದು ಸೇತುವೆ ಇರುವುದರಿಂದ ನೀರು ದಾಟಿದ್ದು ಅನೇಕರ ಗಮನಕ್ಕೇ ಬರುವುದಿಲ್ಲ, ಅದರಲ್ಲೂ ರಾತ್ರಿ ನಿದ್ದೆಯಲ್ಲಿ ದಾಟುವವರಿಗೆ.

ಹಳೆಯ ರೈಲು ಸೇತುವೆ 1914ರ ಫೆಬ್ರುವರಿ 24ರಂದು ಸಂಚಾರಕ್ಕೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದವಾದ ಆ ಸೇತುವೆಯ ನಡುಭಾಗ ಎರಡು ರೆಕ್ಕೆಗಳಾಗಿ ಮೇಲೆದ್ದು ಹಡಗುಗಳಿಗೆ ದಾರಿ ಬಿಡುತ್ತಿತ್ತು. ನೂರು ವರ್ಷಕ್ಕೂ ಹೆಚ್ಚು ಕಾಲ ಉಪ್ಪುಗಾಳಿಗೆ ಒಡ್ಡಿಕೊಂಡ ಅದರ ಮೇಲೆ 2022ರ ಡಿಸೆಂಬರ್‌ನಲ್ಲಿ ರೈಲು ಸಂಚಾರ ನಿಂತಿತು. ಅದರ ಪಕ್ಕದಲ್ಲೇ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು, ರಾಮನವಮಿಯ ದಿನ, ಉದ್ಘಾಟನೆಯಾಯಿತು. ಹೊಸ ಸೇತುವೆಯಲ್ಲಿ 72.5 ಮೀಟರ್ ಉದ್ದದ ನಡುಭಾಗವು ಇಡಿಯಾಗಿ, ಲಿಫ್ಟಿನ ಹಾಗೆ, ನೇರ ಮೇಲಕ್ಕೆ ಏರುತ್ತದೆ. ಈ ಬಗೆಯ ರೈಲು ಸೇತುವೆ ಭಾರತದಲ್ಲಿ ಇದೇ ಮೊದಲನೆಯದು. ರಸ್ತೆ ಸೇತುವೆ 1988ರದು. ಸಾಧ್ಯವಾದರೆ ಹೋಗುವಾಗಲೋ ಬರುವಾಗಲೋ ಒಂದು ಸಲವಾದರೂ ಹಗಲು ಹೊತ್ತಿನಲ್ಲಿ ರೈಲಿನಿಂದ ದಾಟಬೇಕು. ಕಿಟಕಿಯ ಎರಡೂ ಬದಿ ನೀರು, ಕೆಳಗೆ ಸಾಲಾಗಿ ಕಟ್ಟಿದ ಮೀನುಗಾರರ ದೋಣಿಗಳು ಕಾಣಿಸುತ್ತವೆ.

ಕಲಬುರಗಿಯಿಂದ ಹೋಗುವ ಅನುಕೂಲಕರ ದಾರಿ ಯಾವುದು?

ಎರಡು ದಾರಿಗಳಿವೆ. ಕಲಬುರಗಿ ಮತ್ತು ಯಾದಗಿರಿ ಎರಡೂ ಮುಂಬೈ–ಚೆನ್ನೈ ಮುಖ್ಯ ರೈಲು ಮಾರ್ಗದಲ್ಲಿರುವುದರಿಂದ ಚೆನ್ನೈಗೆ ನೇರವಾಗಿ ಹೋಗಬಹುದು. ಅಂತರ ಸುಮಾರು 700 ಕಿಲೋಮೀಟರ್. ಚೆನ್ನೈಯಿಂದ ರಾಮೇಶ್ವರಕ್ಕೆ ರಾತ್ರಿ ಹೊರಟು ಮುಂಜಾನೆ ತಲಪುವ ರೈಲುಗಳಿವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಕಡೆಯ ರೈಲು ಇಳಿಸುವ ನಿಲ್ದಾಣವೂ ರಾಮೇಶ್ವರದ ರೈಲು ಹೊರಡುವ ನಿಲ್ದಾಣವೂ ಒಂದೇ ಆಗಿರಬೇಕೆಂದಿಲ್ಲ. ಸೆಂಟ್ರಲ್, ಎಗ್ಮೋರ್, ತಾಂಬರಂ ಮೂರೂ ಬೇರೆ ಬೇರೆ ಕಡೆ ಇವೆ; ತಾಂಬರಂ ನಗರದ ದಕ್ಷಿಣದ ತುದಿಯಲ್ಲಿದೆ. ಟಿಕೆಟ್ಟಿನಲ್ಲಿ ಮುದ್ರಿಸಿದ ನಿಲ್ದಾಣದ ಹೆಸರನ್ನು ಓದಿಕೊಂಡು, ವಯಸ್ಸಾದವರು ಜೊತೆಗಿದ್ದರೆ ಎರಡು ರೈಲುಗಳ ನಡುವೆ ಕನಿಷ್ಠ ನಾಲ್ಕೈದು ಗಂಟೆ ಬಿಡುವು ಇಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯದು ಬೆಂಗಳೂರಿನ ಮೂಲಕ ಮಧುರೈಗೆ ಹೋಗುವ ದಾರಿ. ಮಧುರೈಯಿಂದ ರಾಮೇಶ್ವರಕ್ಕೆ ಸುಮಾರು 170 ಕಿಲೋಮೀಟರ್. ರೈಲೂ ಇದೆ, ಸರ್ಕಾರಿ ಬಸ್ಸುಗಳೂ ಇವೆ. ಮೀನಾಕ್ಷಿಯ ದರ್ಶನ ಮಾಡಿಕೊಂಡು, ಮಧ್ಯಾಹ್ನ ಹೊರಟು ಸಂಜೆಯ ಬೆಳಕಿರುವಾಗಲೇ ಪಾಂಬನ್ ದಾಟಬಹುದಾದ್ದರಿಂದ ಮೊದಲ ಸಲ ಹೋಗುವವರಿಗೆ ಈ ದಾರಿಯೇ ಮೇಲು. ಬೀದರಿನವರು ಹೈದರಾಬಾದಿಗೆ ಹೋಗಿ ಅಲ್ಲಿಂದ ಚಾರ್‌ಮಿನಾರ್ ಎಕ್ಸ್‌ಪ್ರೆಸ್‌ನಲ್ಲಿ ಚೆನ್ನೈ ಸೇರುವ ರೂಢಿಯಿದೆ. ವಿಮಾನದಲ್ಲಿ ಹೋಗುವವರಿಗೆ ಹತ್ತಿರದ ನಿಲ್ದಾಣ ಮಧುರೈ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ; ಜಾತ್ರೆ ಮತ್ತು ರಜೆಯ ದಿನಗಳಲ್ಲಿ ರಾಮೇಶ್ವರದ ಸೀಟುಗಳು ಬೇಗ ತುಂಬಿಬಿಡುತ್ತವೆ.

ಯಾವ ತಿಂಗಳಲ್ಲಿ ಹೋಗಬೇಕು?

ಎಳ್ಳಮಾವಾಸ್ಯೆಯ ಚರಗ ಮುಗಿದು, ತೊಗರಿ ರಾಶಿಯಾಗಿ, ಶರಣಬಸವೇಶ್ವರ ಜಾತ್ರೆಗೆ ಇನ್ನೂ ದಿನಗಳಿರುವ ನಡುವಿನ ಅವಧಿ, ಅಂದರೆ ಜನವರಿಯ ಕೊನೆಯಿಂದ ಫೆಬ್ರುವರಿ ಮುಗಿಯುವವರೆಗಿನ ಕಾಲ, ನಮ್ಮ ರೈತ ಕುಟುಂಬಗಳಿಗೂ ಅಲ್ಲಿನ ಹವಾಮಾನಕ್ಕೂ ಸರಿಹೊಂದುತ್ತದೆ. ನಮ್ಮಲ್ಲಿ ಮುಂಗಾರೇ ದೊಡ್ಡ ಮಳೆ. ಆ ಕರಾವಳಿಗೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತವೇ ದೊಡ್ಡ ಮಳೆ. ಚಂಡಮಾರುತಗಳ ಕಾಲವೂ ಅದೇ. ದೀಪಾವಳಿ ರಜೆಗೆಂದು ಹೊರಡುವವರು ಹವಾಮಾನ ಇಲಾಖೆಯ ಸೂಚನೆಯನ್ನು ನೋಡಿಕೊಂಡೇ ಹೊರಡಬೇಕು.

ಬೇಸಿಗೆಯ ಬಗ್ಗೆ ನಮ್ಮವರು ಹೇಳುವ ಮಾತೊಂದಿದೆ: ಕಲಬುರಗಿಯ ಬಿಸಿಲು ಕಂಡವರಿಗೆ ಅಲ್ಲಿನದ್ಯಾವ ಲೆಕ್ಕ ಎಂದು. ಇದು ಪೂರ್ತಿ ಸರಿಯಲ್ಲ. ನಮ್ಮದು ಒಣ ಬಿಸಿಲು, ನೆರಳಿಗೆ ಬಂದರೆ ಮೈ ತಣಿಯುತ್ತದೆ. ಅಲ್ಲಿ ಉಷ್ಣಾಂಶ ನಮಗಿಂತ ಕಡಿಮೆಯಿದ್ದರೂ ಗಾಳಿಯಲ್ಲಿ ತೇವ ಹೆಚ್ಚು, ನೆರಳಿನಲ್ಲೂ ಬೆವರು ಆರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೋಗಲೇಬೇಕಾದವರು ಮಧ್ಯಾಹ್ನದ ಹೊತ್ತು ಕೋಣೆಯಲ್ಲಿಯೇ ಇರುವುದು ಸೂಕ್ತ.

ಜನಸಂದಣಿಯ ದಿನಗಳೂ ಗೊತ್ತಿರಬೇಕು. ಮಹಾಶಿವರಾತ್ರಿ, ತಮಿಳು ಪಂಚಾಂಗದ ಆಡಿ ಮತ್ತು ತೈ ತಿಂಗಳ ಅಮಾವಾಸ್ಯೆಗಳು ಹಾಗೂ ಮಹಾಲಯ ಅಮಾವಾಸ್ಯೆಯಂದು ಪಿತೃಕಾರ್ಯಕ್ಕಾಗಿ ಜನ ತುಂಬಿ ತುಳುಕುತ್ತಾರೆ. ತೈ ಅಮಾವಾಸ್ಯೆ ಜನವರಿ, ಫೆಬ್ರುವರಿಯಲ್ಲೇ ಬರುವುದರಿಂದ ದಿನಾಂಕ ನೋಡಿ ಹೊರಡಬೇಕು. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಶಬರಿಮಲೆ ಯಾತ್ರಿಕರ ಬಸ್ಸುಗಳು ಸಾಲುಗಟ್ಟಿರುತ್ತವೆ. ಶಾಂತಿಯನ್ನು ಬಯಸಿ ಹೋಗುವವರು ಈ ದಿನಗಳನ್ನು ಬಿಡುವುದು ಉತ್ತಮ.

ಇಪ್ಪತ್ತೆರಡು ತೀರ್ಥಗಳ ಸ್ನಾನ ಹೇಗೆ ನಡೆಯುತ್ತದೆ? ಹಿರಿಯರಿಗೆ ಕಷ್ಟವಾಗುವುದಿಲ್ಲವೇ?

ಗಾಣಗಾಪುರದಲ್ಲಿ ಅಷ್ಟತೀರ್ಥ ಸ್ನಾನ ಮಾಡಿದವರಿಗೆ ಒಂದು ತೀರ್ಥದಿಂದ ಮತ್ತೊಂದಕ್ಕೆ ನಡೆದು ಮೀಯುವ ಪದ್ಧತಿ ಹೊಸದೇನಲ್ಲ. ಇಲ್ಲಿ ಇಪ್ಪತ್ತೆರಡೂ ದೇವಸ್ಥಾನದ ಆವರಣದ ಒಳಗೇ ಇವೆ, ಹೆಚ್ಚಿನವು ಬಾವಿಗಳು. ಮೊದಲು ದೇವಸ್ಥಾನದ ಪೂರ್ವಕ್ಕಿರುವ ಅಗ್ನಿತೀರ್ಥದಲ್ಲಿ, ಅಂದರೆ ಸಮುದ್ರದಲ್ಲಿಯೇ, ಮುಳುಗೇಳಬೇಕು. ಒದ್ದೆ ಬಟ್ಟೆಯಲ್ಲೇ ಒಳಗೆ ಬಂದು, ಮಹಾಲಕ್ಷ್ಮೀ ತೀರ್ಥದಿಂದ ಆರಂಭಿಸಿ ಸಾವಿತ್ರಿ, ಗಾಯತ್ರಿ, ಸರಸ್ವತಿ, ಸೇತುಮಾಧವ, ಗಂಧಮಾದನ, ನಳ, ನೀಲ, ಶಂಖ, ಚಕ್ರ, ಸೂರ್ಯ, ಚಂದ್ರ, ಗಂಗಾ, ಯಮುನಾ, ಗಯಾ ಮುಂತಾದವನ್ನು ದಾಟಿ ಕೊನೆಗೆ ಕೋಟಿತೀರ್ಥಕ್ಕೆ ಬರುತ್ತಾರೆ.

ಬಾವಿಯ ಕಟ್ಟೆಯ ಮೇಲೆ ನಿಂತವರು ಹಗ್ಗ ಕಟ್ಟಿದ ಸಣ್ಣ ಬಕೆಟ್ಟನ್ನು ಬಾವಿಗಿಳಿಸಿ, ಎಳೆದು, ಅದೇ ಕೈಬೀಸಿನಲ್ಲಿ ಸಾಲಿನಲ್ಲಿ ನಿಂತವರ ತಲೆಯ ಮೇಲೆ ಸುರಿಯುತ್ತಾರೆ. ಅವರ ಕೈಚಳಕ ನಿಂತು ನೋಡುವಂಥದ್ದು. ಸಮುದ್ರದಿಂದ ಇಷ್ಟು ಹತ್ತಿರವಿದ್ದೂ ಒಂದು ಬಾವಿಯ ನೀರು ಸಿಹಿ, ಪಕ್ಕದ್ದರ ರುಚಿಯೇ ಬೇರೆ. ತುಟಿಗೆ ತಾಗಿದ ನೀರಿನಲ್ಲಿ ಈ ವ್ಯತ್ಯಾಸ ತಿಳಿಯುತ್ತದೆ. ಅವಸರದಿಂದ ಓಡುವವರಿಗೆ ತಿಳಿಯುವುದಿಲ್ಲ.

ಹಿರಿಯರಿಗೆ ಕಷ್ಟವಾಗುವುದು ನೀರಿನಿಂದಲ್ಲ, ಕಾಲಡಿಯ ಕಲ್ಲುಹಾಸಿನಿಂದ. ದಿನವಿಡೀ ನೀರು ಸುರಿದು ಆ ಕಲ್ಲುಗಳು ನುಣ್ಣಗಾಗಿವೆ, ಬರಿಗಾಲಿನಲ್ಲೇ ನಡೆಯಬೇಕು. ಮೊಣಕಾಲು ನೋವಿರುವವರ ಪಕ್ಕದಲ್ಲಿ ಒಬ್ಬರು ಕೈಹಿಡಿದೇ ನಡೆಯಬೇಕು. ಹೆಣ್ಣುಮಕ್ಕಳು ದಪ್ಪ ಬಟ್ಟೆಯ, ಗಾಢ ಬಣ್ಣದ ಉಡುಪು ಧರಿಸಿದರೆ ಸಂಕೋಚವಿರುವುದಿಲ್ಲ. ಇಷ್ಟಲಿಂಗ ಧರಿಸಿದವರು ಸಮುದ್ರಕ್ಕಿಳಿಯುವ ಮೊದಲೇ ಲಿಂಗವಸ್ತ್ರದ ಗಂಟನ್ನು ಬಿಗಿಯಾಗಿ ಕಟ್ಟಿಕೊಂಡು ಅದನ್ನು ಉಡುಪಿನ ಒಳಗೆ ಸೇರಿಸಿಕೊಳ್ಳಬೇಕು. ಅಲೆ ಸಣ್ಣದಾದರೂ, ಬಕೆಟ್ಟಿನ ನೀರು ರಭಸದಿಂದ ಬೀಳುತ್ತದೆ. ಸ್ನಾನಕ್ಕೆ ದೇವಸ್ಥಾನದವರೇ ಟಿಕೆಟ್ ಕೊಡುತ್ತಾರೆ. ಹೊರಗೆ ಸುತ್ತುವರಿಯುವ ಮಧ್ಯವರ್ತಿಗಳು ಕೇಳುವ ಮೊತ್ತಕ್ಕೂ ಕೌಂಟರಿನ ದರಕ್ಕೂ ಅಜಗಜಾಂತರವಿರುತ್ತದೆ. ಕೌಂಟರಿನಲ್ಲೇ ಟಿಕೆಟ್ ಪಡೆಯಿರಿ.

ಸ್ನಾನದ ನಂತರ ದರ್ಶನ ಹೇಗೆ? ಯಾವ ನಿಯಮಗಳಿವೆ?

ಒದ್ದೆ ಬಟ್ಟೆಯಲ್ಲಿ ಗರ್ಭಗುಡಿಯ ದರ್ಶನಕ್ಕೆ ಹೋಗುವಂತಿಲ್ಲ. ಒಣ ಬಟ್ಟೆಯ ಚೀಲ ಜೊತೆಯಲ್ಲಿರಲಿ. ಪುರುಷರಿಗೆ ಧೋತರ ಅಥವಾ ಪ್ಯಾಂಟು, ಹೆಣ್ಣುಮಕ್ಕಳಿಗೆ ಸೀರೆ ಅಥವಾ ಚೂಡಿದಾರ ಸರಿಹೋಗುತ್ತದೆ. ಮೊಬೈಲ್ ಒಳಗೆ ಒಯ್ಯುವಂತಿಲ್ಲ. ದೇವಸ್ಥಾನ ಸಾಮಾನ್ಯವಾಗಿ ಬೆಳಗಿನ ಐದರಿಂದ ಮಧ್ಯಾಹ್ನ ಒಂದರವರೆಗೆ, ಮತ್ತೆ ಮೂರರಿಂದ ರಾತ್ರಿಯವರೆಗೆ ತೆರೆದಿರುತ್ತದೆ. ಬೆಳಗಿನ ಜಾವ ನಡೆಯುವ ಸ್ಫಟಿಕಲಿಂಗ ದರ್ಶನವನ್ನು ತಪ್ಪಿಸಿಕೊಳ್ಳಬಾರದು, ಮತ್ತು ಅದು ಸಿಗುವುದು ಹಿಂದಿನ ರಾತ್ರಿ ದ್ವೀಪದಲ್ಲಿ ತಂಗಿದವರಿಗೆ ಮಾತ್ರ.

ಇದು ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು, ನಾಲ್ಕು ಧಾಮಗಳಲ್ಲಿ ದಕ್ಷಿಣದ್ದು. ಒಳಗೆ ಎರಡು ಲಿಂಗಗಳಿವೆ. ರಾವಣನ ವಧೆಯ ದೋಷ ಕಳೆಯಲು ಶಿವಪೂಜೆಗೆ ಸಿದ್ಧನಾದ ರಾಮನು ಕೈಲಾಸದಿಂದ ಲಿಂಗ ತರಲು ಹನುಮಂತನನ್ನು ಕಳುಹಿಸಿದನೆಂದೂ, ಮುಹೂರ್ತ ಮೀರುವುದೆಂದು ಸೀತೆ ಮರಳಿನಿಂದಲೇ ಲಿಂಗ ಮಾಡಿದಳೆಂದೂ ಸ್ಥಳಪುರಾಣ ಹೇಳುತ್ತದೆ. ತಡವಾಗಿ ಬಂದ ಹನುಮಂತ ನೊಂದುಕೊಂಡಾಗ, ಅವನು ತಂದ ವಿಶ್ವಲಿಂಗಕ್ಕೇ ಮೊದಲ ಪೂಜೆ ಸಲ್ಲಬೇಕೆಂದು ರಾಮ ಕಟ್ಟಳೆ ಮಾಡಿದನಂತೆ. ಇಂದಿಗೂ ವಿಶ್ವಲಿಂಗಕ್ಕೆ ಪೂಜೆಯಾದ ಮೇಲೆಯೇ ರಾಮಲಿಂಗಕ್ಕೆ ಪೂಜೆ. ಭಕ್ತನ ಮನಸ್ಸು ನೋಯಬಾರದೆಂದು ಪೂಜೆಯ ಕ್ರಮವನ್ನೇ ಬದಲಿಸಿದ ಈ ಕಥೆಯನ್ನು ಮಕ್ಕಳಿಗೆ ಸಾಲಿನಲ್ಲಿ ನಿಂತಾಗಲೇ ಹೇಳಿದರೆ ಅವರಿಗೆ ಎರಡೂ ಲಿಂಗಗಳನ್ನು ಗಮನಿಸಿ ನೋಡುವ ಆಸೆ ಹುಟ್ಟುತ್ತದೆ.

ಹೊರಗಿನ ಪ್ರಾಕಾರದ ಉದ್ದನೆಯ ಮೊಗಸಾಲೆಯಲ್ಲಿ 1212 ಕಂಬಗಳಿವೆ. ರಾಮನಾಥಪುರದ ಸೇತುಪತಿ ಅರಸರು ಹದಿನೆಂಟನೆಯ ಶತಮಾನದಲ್ಲಿ ಪೂರ್ತಿಗೊಳಿಸಿದ ಈ ಮೊಗಸಾಲೆಯ ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿಯ ಮನುಷ್ಯರು ಬೆರಳಷ್ಟೇ ಕಾಣುತ್ತಾರೆ. ಗರ್ಭಗುಡಿಯ ಅರ್ಚಕರು ಪರಂಪರೆಯಿಂದ ಮಹಾರಾಷ್ಟ್ರ ಮೂಲದವರು. ಶೃಂಗೇರಿ ಪೀಠದಿಂದ ದೀಕ್ಷೆ ಪಡೆಯುವವರು. ಮರಾಠಿ ಬಲ್ಲ ಬೀದರಿನವರಿಗೂ ಶೃಂಗೇರಿಯ ಭಕ್ತರಿಗೂ ಆ ದೂರದ ದ್ವೀಪದಲ್ಲಿ ತಮ್ಮ ನಂಟೊಂದು ಸಿಕ್ಕಂತಾಗುತ್ತದೆ.

ಕಾಶಿಯ ಗಂಗೆಯನ್ನು ರಾಮೇಶ್ವರಕ್ಕೆ ತರಬೇಕೆನ್ನುತ್ತಾರೆ. ಕ್ರಮವೇನು?

ಹಿರಿಯರು ಹೇಳುವ ಪೂರ್ಣ ಕ್ರಮದಲ್ಲಿ ರಾಮೇಶ್ವರದ ಸಮುದ್ರದ ಮರಳನ್ನು ಪ್ರಯಾಗದ ಸಂಗಮಕ್ಕೆ ಒಯ್ದು ಬಿಡಬೇಕು, ಅಲ್ಲಿಂದ ಗಂಗೆಯನ್ನು ತಂದು ರಾಮೇಶ್ವರದ ಶಿವನಾದ ರಾಮನಾಥನಿಗೆ ಅಭಿಷೇಕ ಮಾಡಿಸಬೇಕು. ಒಂದೇ ವರ್ಷದಲ್ಲಿ ಎಲ್ಲವೂ ಆಗಬೇಕೆಂಬ ನಿಯಮವಿಲ್ಲ. ಮನೆಯ ದೇವರಕೋಣೆಯಲ್ಲಿ ಕಾಶಿಯ ಗಿಂಡಿ ಇರುವವರು ಅದನ್ನು ತಾಮ್ರ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿಯೇ ಒಯ್ಯಬೇಕು. ಪ್ಲಾಸ್ಟಿಕ್ ಬಾಟಲಿ ಬೇಡ. ಗಂಗಾಭಿಷೇಕಕ್ಕೆ ದೇವಸ್ಥಾನದಲ್ಲಿ ಪ್ರತ್ಯೇಕ ಸೇವಾ ಚೀಟಿ ಇದೆ.

ಧನುಷ್ಕೋಡಿ ನೋಡಲೇಬೇಕೇ? ಅಲ್ಲಿ ಏನಿದೆ?

ನೋಡಲೇಬೇಕು. ಆದರೆ ಮೊದಲು ಅದರ ಕಥೆ ತಿಳಿದಿರಬೇಕು. ರಾಮೇಶ್ವರ ಪಟ್ಟಣದಿಂದ ಆಗ್ನೇಯಕ್ಕೆ ಚಾಚಿದ ಮರಳಿನ ಕಿರುನಾಲಗೆಯ ಕೊನೆಯಲ್ಲಿ ಧನುಷ್ಕೋಡಿ ಎಂಬ ಜೀವಂತ ಊರಿತ್ತು. ರೈಲು ನಿಲ್ದಾಣ, ಅಂಚೆ ಕಚೇರಿ, ಚರ್ಚು, ಶಾಲೆ, ಅಂಗಡಿಗಳಿದ್ದವು. ಮದರಾಸಿನಿಂದ ರೈಲಿನಲ್ಲಿ ಬಂದವರು ಇಲ್ಲಿ ಹಡಗು ಹತ್ತಿ ಸಿಂಹಳದ ತಲೈಮನ್ನಾರ್ ಸೇರುತ್ತಿದ್ದರು. ರೈಲು ಮತ್ತು ಹಡಗು ಎರಡಕ್ಕೂ ಒಂದೇ ಟಿಕೆಟ್ಟು. 1964ರ ಡಿಸೆಂಬರ್ 22ರ ರಾತ್ರಿ ಅಪ್ಪಳಿಸಿದ ಚಂಡಮಾರುತ ಊರನ್ನು ಮುಳುಗಿಸಿತು. ಪಾಂಬನ್‌ನಿಂದ ಬರುತ್ತಿದ್ದ 653ನೇ ನಂಬರಿನ ಪ್ಯಾಸೆಂಜರ್ ರೈಲು ಧನುಷ್ಕೋಡಿ ಇನ್ನೇನು ಬಂತೆನ್ನುವಾಗ ಅಲೆಗೆ ಸಿಕ್ಕಿ, ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ನಂತರ ಸರ್ಕಾರ ಆ ಜಾಗವನ್ನು ವಾಸಕ್ಕೆ ಯೋಗ್ಯವಲ್ಲವೆಂದು ಘೋಷಿಸಿತು. ಅದೇ ಚಂಡಮಾರುತದಲ್ಲಿ ಹಾನಿಗೊಂಡ ಪಾಂಬನ್ ರೈಲು ಸೇತುವೆಯನ್ನು ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಅವರ ನೇತೃತ್ವದಲ್ಲಿ 46 ದಿನಗಳಲ್ಲಿ ಮತ್ತೆ ನಿಲ್ಲಿಸಲಾಯಿತು.

ಇಂದು ಉಳಿದಿರುವುದು ಚಾವಣಿಯಿಲ್ಲದ ಚರ್ಚಿನ ಗೋಡೆಗಳು, ನಿಲ್ದಾಣದ ಮತ್ತು ಇನ್ನಿತರ ಕಟ್ಟಡಗಳ ಅವಶೇಷಗಳು. ಚರ್ಚಿನ ಗೋಡೆಗೆ ಹತ್ತಿರ ಹೋಗಿ ನೋಡಿ. ಅದು ಇಟ್ಟಿಗೆಯಷ್ಟೇ ಅಲ್ಲ, ಸಮುದ್ರದಿಂದ ತೆಗೆದ ಹವಳದ ಕಲ್ಲು. ಕಲ್ಲಿನ ಮೈಮೇಲೆ ಜೇನುಹುಟ್ಟಿನಂಥ ಸಣ್ಣ ಸಣ್ಣ ಕಣ್ಣುಗಳು ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ. ಅದನ್ನು ಕೆರೆಯುವುದು, ಮುರಿದು ತೆಗೆಯುವುದು, ಹೆಸರು ಬರೆಯುವುದು ಸಲ್ಲದು. ಎಷ್ಟೋ ಮನೆತನಗಳ ಹಿರಿಯರು ಅಂತ್ಯಸಂಸ್ಕಾರವೂ ಇಲ್ಲದೆ ಹೋದ ನೆಲ ಅದು. ಗೋಡೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಗುಂಪುಗಳನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ನಮ್ಮ ಕಡೆಯಿಂದ ಹೋದವರಾದರೂ ಹಾಗೆ ಮಾಡದಿರಲಿ.

ಅಲ್ಲಿಂದ ಮುಂದೆ ರಸ್ತೆ ಅರಿಚಲ್ ಮುನೈ ಎಂಬ ನೆಲದ ಕೊನೆಯವರೆಗೆ ಹೋಗುತ್ತದೆ. 2017ರಲ್ಲಿ ಈ ರಸ್ತೆ ತೆರೆಯುವ ಮೊದಲು ಮರಳಿನಲ್ಲಿ ಜೀಪುಗಳೇ ಗತಿಯಾಗಿದ್ದವು. ರಸ್ತೆಯ ಒಂದು ಬದಿ ಪಾಕ್ ಕೊಲ್ಲಿಯ ನೀರು ಕೆರೆಯಷ್ಟು ಶಾಂತ, ಇನ್ನೊಂದು ಬದಿ ಮನ್ನಾರ್ ಕೊಲ್ಲಿಯ ಅಲೆಗಳ ಅಬ್ಬರ. ತುದಿಯಲ್ಲಿ ಎರಡೂ ಕೂಡುತ್ತವೆ. ಅಲ್ಲಿಂದ ಶ್ರೀಲಂಕೆಯ ಮನ್ನಾರ್ ದ್ವೀಪದ ಕಡೆಗೆ ಸಾಲುಗಟ್ಟಿದ ಸುಣ್ಣಕಲ್ಲು ಮತ್ತು ಮರಳಿನ ದಿಬ್ಬಗಳನ್ನೇ ಭಕ್ತರು ರಾಮಸೇತುವೆಂದು ಪೂಜಿಸುತ್ತಾರೆ. ಚಳಿಗಾಲದಲ್ಲಿ ಪಕ್ಕದ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ. ಕತ್ತಲಾದ ಮೇಲೆ ಅಲ್ಲಿ ಉಳಿಯಲು ಬಿಡುವುದಿಲ್ಲವಾದ್ದರಿಂದ ಮಧ್ಯಾಹ್ನ ಮೂರರ ಸುಮಾರಿಗೆ ಹೊರಡುವುದಕ್ಕಿಂತ ಬೆಳಗ್ಗೆ ಬೇಗ ಹೋಗುವುದು ಮೇಲು; ಜನವೂ ಕಡಿಮೆ, ಬಿಸಿಲೂ ಕಡಿಮೆ.

ದಾರಿಯಲ್ಲಿ ಬಲಗೊಳ್ಳಬೇಕಾದ ಇನ್ನೊಂದು ತಾಣ ಕೋದಂಡರಾಮಸ್ವಾಮಿ ದೇವಸ್ಥಾನ. ವಿಭೀಷಣ ರಾಮನಿಗೆ ಶರಣಾದ ಸ್ಥಳವೆಂದು ನಂಬುವ ಈ ಗುಡಿ 1964ರ ಚಂಡಮಾರುತದಲ್ಲೂ ಉಳಿದುಕೊಂಡಿತು.

ಮಕ್ಕಳನ್ನು ಸಮುದ್ರಕ್ಕೆ ಇಳಿಸಬಹುದೇ?

ನಮ್ಮ ಮಕ್ಕಳು ಭೀಮೆ, ಕೃಷ್ಣೆ, ಕಾರಂಜಾ ಕಂಡವರು; ಸಮುದ್ರದ ಒಳಸೆಳೆತದ ಅರಿವು ಅವರಿಗೂ ಇಲ್ಲ, ಹಿರಿಯರಿಗೂ ಇಲ್ಲ. ಅಗ್ನಿತೀರ್ಥದ ಬದಿಯ ಸಮುದ್ರ ಆಳವಿಲ್ಲದೆ ಶಾಂತವಾಗಿರುತ್ತದೆ, ದೊಡ್ಡವರ ಕೈಹಿಡಿದು ಇಳಿಯಬಹುದು. ಧನುಷ್ಕೋಡಿ ಮತ್ತು ಅರಿಚಲ್ ಮುನೈಯಲ್ಲಿ ಯಾರೂ ನೀರಿಗಿಳಿಯಕೂಡದು. ಎರಡು ಸಮುದ್ರಗಳು ಕೂಡುವಲ್ಲಿ ಮೊಣಕಾಲುದ್ದದ ನೀರೂ ಕಾಲಡಿಯ ಮರಳನ್ನು ಸೆಳೆದುಕೊಂಡು ಹೋಗುತ್ತದೆ. ಈಜು ಬರುತ್ತದೆಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು.

ಶಾಂತವಾಗಿ ಕುಳಿತುಕೊಳ್ಳಬಹುದಾದ ಜಾಗಗಳು ಯಾವುವು?

ಪಟ್ಟಣದಿಂದ ಸುಮಾರು ಏಳು ಕಿಲೋಮೀಟರ್ ದೂರದಲ್ಲಿ, ತಂಗಚ್ಚಿಮಡಂ ಬಳಿ, ವಿಲ್ಲೂಂಡಿ ತೀರ್ಥವಿದೆ. ದಡದಿಂದ ಸಮುದ್ರದೊಳಕ್ಕೆ ಚಾಚಿದ ಕಾಲುಸೇತುವೆಯ ಕೊನೆಯಲ್ಲಿ, ಸುತ್ತ ಉಪ್ಪುನೀರೇ ಇರುವಾಗ, ನಡುವಿನ ಬಾವಿಯಲ್ಲಿ ಮಾತ್ರ ಸಿಹಿನೀರು. ಸೀತೆಯ ಬಾಯಾರಿಕೆ ನೀಗಲು ರಾಮ ಬಿಲ್ಲು ಊರಿದ ಜಾಗವೆಂದು ನಂಬಿಕೆ. ಬಸ್ಸಿನ ಗುಂಪುಗಳು ಇಲ್ಲಿಗೆ ಬರುವುದು ಕಡಿಮೆ. ದೇವಸ್ಥಾನದಿಂದ ಮೂರು ಕಿಲೋಮೀಟರಿನಷ್ಟು ದೂರದ ಗಂಧಮಾದನ ಪರ್ವತ ಹೆಸರಿಗೆ ಪರ್ವತವಾದರೂ ಮರಳಿನ ಎತ್ತರದ ದಿಬ್ಬ. ರಾಮಪಾದವಿರುವ ಮಂಟಪದ ಮೇಲಿನಿಂದ ಇಡೀ ದ್ವೀಪ ಕಾಣುತ್ತದೆ.

ಪಾಂಬನ್ ಬಳಿಯ ಕುಂದುಕಾಲ್ ನನ್ನ ಮೆಚ್ಚಿನ ತೀರ. ಷಿಕಾಗೋದಿಂದ ಹಿಂದಿರುಗಿದ ಸ್ವಾಮಿ ವಿವೇಕಾನಂದರು ಕೊಲಂಬೊ ಮಾರ್ಗವಾಗಿ ಬಂದು 1897ರ ಜನವರಿ 26ರಂದು ಭಾರತದ ನೆಲದ ಮೇಲೆ ಕಾಲಿಟ್ಟದ್ದು ಇಲ್ಲಿ. ಮರುದಿನ ರಾಮೇಶ್ವರದ ದೇವಸ್ಥಾನದಲ್ಲಿ ಮಾತನಾಡುತ್ತ ಬಡವರಲ್ಲಿ, ದುರ್ಬಲರಲ್ಲಿ ಶಿವನನ್ನು ಕಾಣುವುದೇ ನಿಜವಾದ ಪೂಜೆಯೆಂದು ಅವರು ಹೇಳಿದರು. ದಾಸೋಹವನ್ನು ಪೂಜೆಯೆಂದೇ ನಡೆಸಿಕೊಂಡು ಬಂದ ಶರಣಬಸವೇಶ್ವರರ ನಾಡಿನವರಿಗೆ ಆ ಮಾತು ಹೊರಗಿನದೆನಿಸದು. ಅಲ್ಲಿನ ವಿವೇಕಾನಂದ ಸ್ಮಾರಕದ ಮುಂದಿನ ಕಡಲು ಸಂಜೆಯ ಹೊತ್ತಿಗೆ ಸುಮ್ಮನೆ ಕೂರಲು ಬಹಳ ಒಳ್ಳೆಯದು.

ಇದು ಹಿಂದೂ ಯಾತ್ರಾಸ್ಥಳ ಮಾತ್ರವೇ? ಮುಸ್ಲಿಂ ಸ್ನೇಹಿತರು ಜೊತೆಗಿದ್ದರೆ ಅವರಿಗೆ ನೋಡಲು ಏನಿದೆ?

ಶರಣಬಸವೇಶ್ವರ ಗುಡಿಗೂ ಖಾಜಾ ಬಂದೇ ನವಾಜ್ ದರ್ಗಾಕ್ಕೂ ನಡೆದುಕೊಳ್ಳುವ ಊರಿನಿಂದ ಈ ಪ್ರಶ್ನೆ ಬರುವುದು ಸಹಜ. ಅಬ್ದುಲ್ ಕಲಾಂ ಅವರು 1931ರ ಅಕ್ಟೋಬರ್ 15ರಂದು ಹುಟ್ಟಿದ್ದು ದೇವಸ್ಥಾನಕ್ಕೆ ಹತ್ತಿರದ ಮಸೀದಿ ಬೀದಿಯ ಮನೆಯಲ್ಲಿ. ಅವರ ತಂದೆ ದೋಣಿಯ ಒಡೆಯರಾಗಿದ್ದು ಯಾತ್ರಿಕರನ್ನು ಧನುಷ್ಕೋಡಿಗೆ ಕರೆದೊಯ್ಯುತ್ತಿದ್ದರು. ದೇವಸ್ಥಾನದ ಪ್ರಧಾನ ಅರ್ಚಕರು ಆ ತಂದೆಯ ಆಪ್ತ ಸ್ನೇಹಿತರು. ಸೀತಾರಾಮ ಕಲ್ಯಾಣದ ಸಮಯದಲ್ಲಿ ಉತ್ಸವಮೂರ್ತಿಗಳನ್ನು ಕೊಳದ ನಡುವಿನ ಮಂಟಪಕ್ಕೆ ಒಯ್ಯುವ ದೋಣಿಗಳನ್ನು ಈ ಕುಟುಂಬವೇ ಸಿದ್ಧಪಡಿಸುತ್ತಿತ್ತು. 2015ರ ಜುಲೈ 27ರಂದು ತೀರಿಕೊಂಡ ಕಲಾಂ ಅವರ ಸಮಾಧಿ ದ್ವೀಪದ ಪೇಯ್ಕರುಂಬುವಿನಲ್ಲಿದೆ. ಎರಡು ವರ್ಷಗಳ ನಂತರ ಅದೇ ದಿನ ಅಲ್ಲಿ ಸ್ಮಾರಕ ತೆರೆಯಿತು. ಶಾಲೆಗೆ ಹೋಗುವ ಮಕ್ಕಳಿದ್ದರೆ ಮಸೀದಿ ಬೀದಿಯ ಮನೆಗೂ ಸ್ಮಾರಕಕ್ಕೂ ಅರ್ಧ ದಿನ ಮೀಸಲಿಡಬೇಕು.

ರೈಲು ನಿಲ್ದಾಣದ ಸಮೀಪ, ಆದಮನ ಮಕ್ಕಳಾದ ಹಾಬೀಲ್ ಮತ್ತು ಕಾಬೀಲರ ಗೋರಿಗಳೆಂದು ಸ್ಥಳೀಯರು ನಂಬುವ ದರ್ಗಾ ಇದೆ. ಮುಖ್ಯಭೂಮಿಗೆ ಮರಳಿದ ಮೇಲೆ ಏರ್ವಾಡಿಯ ದರ್ಗಾಕ್ಕೂ ಕೀಳಕ್ಕರೈಯ ಹಳೆಯ ಜುಮ್ಮಾ ಮಸೀದಿಗೂ ಹೋಗಿಬರಬಹುದು. ದ್ವೀಪದ ಮೀನುಗಾರರಲ್ಲಿ ಕ್ರೈಸ್ತರೂ ಬಹಳ ಜನ ಇದ್ದಾರೆ. ತಂಗಚ್ಚಿಮಡಂ, ಪಾಂಬನ್ ಊರುಗಳಲ್ಲಿ ಚರ್ಚುಗಳು ಕಾಣುತ್ತವೆ.

ಹತ್ತಿರದಲ್ಲಿ ಇನ್ನಾವ ಕ್ಷೇತ್ರಗಳನ್ನು ಸೇರಿಸಿಕೊಳ್ಳಬಹುದು?

ಮೂರನೆಯ ದಿನವಿದ್ದರೆ ಸಮುದ್ರದೊಳಗೆ ನವಗ್ರಹದ ಒಂಬತ್ತು ಕಲ್ಲುಗಳಿರುವ ದೇವಿಪಟ್ಟಿನಂ, ರಾಮನು ದರ್ಭೆಯ ಮೇಲೆ ಮಲಗಿದನೆನ್ನುವ ತಿರುಪ್ಪುಲ್ಲಾಣಿ, ಪಚ್ಚೆಯ ನಟರಾಜನಿಗೆ ವರ್ಷವಿಡೀ ಗಂಧ ಲೇಪಿಸಿಡುವ ಉತ್ತರಕೋಶಮಂಗೈ ಮೂರೂ ರಾಮನಾಥಪುರಂ ಪಟ್ಟಣದ ಆಸುಪಾಸಿನಲ್ಲೇ ಇವೆ.

ಊಟ, ವಸತಿ, ಭಾಷೆಯ ವಿಚಾರವೇನು?

ಉತ್ತರ ಭಾರತದ ಯಾತ್ರಿಕರು ಬಹಳ ಬರುವುದರಿಂದ ದೇವಸ್ಥಾನದ ಸುತ್ತ ಚಪಾತಿ, ಬೇಳೆ, ಪಲ್ಯ ಸಿಗುವ ಸಸ್ಯಾಹಾರಿ ಭೋಜನಾಲಯಗಳು ಸಾಕಷ್ಟಿವೆ. ಜೋಳದ ರೊಟ್ಟಿ ಮಾತ್ರ ಸಿಗದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಂಡು ಹೋಗುವವರು ಅಲ್ಲಿನ ತೇವದ ಗಾಳಿಗೆ ರೊಟ್ಟಿ ಮೆತ್ತಗಾಗಿ ಬೂಷ್ಟು ಹಿಡಿಯದಂತೆ ಗಾಳಿಯಾಡದ ಸ್ಟೀಲಿನ ಡಬ್ಬಿಯಲ್ಲಿಟ್ಟು ದಿನಕ್ಕೆ ಬೇಕಾದಷ್ಟನ್ನೇ ತೆಗೆಯಬೇಕು. ತಂಗಲು ದೇವಸ್ಥಾನದ ಕೋಣೆಗಳಿವೆ, ಮಠ ಮತ್ತು ಛತ್ರಗಳಿವೆ, ಎಲ್ಲ ದರದ ಹೋಟೆಲುಗಳಿವೆ. ಅಗ್ನಿತೀರ್ಥದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಕೋಣೆ ಹಿಡಿದರೆ ಸ್ನಾನದ ನಂತರ ಬಟ್ಟೆ ಬದಲಿಸಲು ಅನುಕೂಲ. ಅಲ್ಲಿನ ಆಟೋದವರಿಗೂ ಅಂಗಡಿಯವರಿಗೂ ವ್ಯವಹಾರಕ್ಕೆ ಸಾಕಾಗುವಷ್ಟು ಹಿಂದಿ ಬರುವುದರಿಂದ ನಮ್ಮವರಿಗೆ ಭಾಷೆಯ ತೊಡಕಾಗುವುದಿಲ್ಲ.

ಬರುವಾಗ ಏನು ತರಬಹುದು, ಏನು ತರಬಾರದು?

ಹವಳದ ತುಂಡು, ಸಮುದ್ರಕುದುರೆ ಯಾರೇ ಮಾರಿದರೂ ಕೊಳ್ಳಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ದಡದಲ್ಲಿ ಬಿದ್ದ ಹವಳವನ್ನೂ ಎತ್ತಿಕೊಳ್ಳುವುದು ಬೇಡ. ಮನ್ನಾರ್ ಕೊಲ್ಲಿಯ 21 ಕಿರುದ್ವೀಪಗಳನ್ನು 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವಾಗಿ ಘೋಷಿಸಿದ್ದು ಈ ಹವಳದ ಬಂಡೆಗಳನ್ನೂ, ಅವುಗಳ ಆಸುಪಾಸಿನ ಕಡಲಹುಲ್ಲನ್ನು ಮೇಯುವ ಕಡಲಹಸುವಿನಂಥ ಜೀವಿಗಳನ್ನೂ ಉಳಿಸಲೆಂದೇ. ಶಂಖ ಕೊಳ್ಳುವುದಾದರೆ ರಸೀದಿ ಕೊಡುವ ಅಂಗಡಿಯಲ್ಲಿ ಕೊಳ್ಳಿ. ಧನುಷ್ಕೋಡಿಯ ದಾರಿಯಲ್ಲಿ ಚಿಪ್ಪಿನ ಸರ ಮಾರುವವರು ಅಲ್ಲಿನ ಮೀನುಗಾರ ಕುಟುಂಬದ ಹೆಂಗಸರು. ಪ್ರತಿವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ದಿನಗಳಲ್ಲಿ ಇಂಥ ಸಣ್ಣ ಗಳಿಕೆಯೇ ಅವರ ಮನೆಗೆ ಆಸರೆ. ಅವರೊಂದಿಗೆ ಹತ್ತು ರೂಪಾಯಿಗೆ ಚೌಕಾಶಿ ಮಾಡದಿದ್ದರೆ ಒಳ್ಳೆಯದು.

ಮನೆಗೆ ತರಲು ತಾಳೆಬೆಲ್ಲ, ತಾಳೆಗರಿಯ ಪೆಟ್ಟಿಗೆಗಳು, ದುಂಡನೆಯ ರಾಮನಾಥಪುರಂ ಮುಂಡು ಮೆಣಸಿನಕಾಯಿ ಚೆನ್ನಾಗಿರುತ್ತವೆ. ಆ ಮೆಣಸಿನಕಾಯಿಗೆ ನಮ್ಮ ಕಲಬುರಗಿ ತೊಗರಿಬೇಳೆಯಂತೆಯೇ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಹಿತ್ತಲಲ್ಲಿ ನೀರಿನ ಅನುಕೂಲವಿರುವವರು ತಂಗಚ್ಚಿಮಡಂನ ನರ್ಸರಿಗಳಿಂದ ಮಲ್ಲಿಗೆ ಸಸಿ ತರಬಹುದು. ಬೇರಿಗೆ ಒದ್ದೆ ಗೋಣಿತಾಟು ಸುತ್ತಿ ತಂದು, ಊರಿಗೆ ಬಂದ ದಿನವೇ ನೆಡದೆ ನಾಲ್ಕು ದಿನ ನೆರಳಿನಲ್ಲಿಟ್ಟು ನಮ್ಮ ಒಣಗಾಳಿಗೆ ಹೊಂದಿಸಿಕೊಂಡ ಮೇಲೆ ನೆಡಬೇಕು.